ಕಾರ್ಪೊರೇಟರ್ ಆಗೋಕೆ ಹೊರಟವರ ಭರವಸೆಯಲ್ಲಿ ಅವರ ಕೈಲಿರುವುದು ಎಷ್ಟು?

ಓದುಗರ ಪ್ರಶ್ನೆ: ನಾವಿರುವುದು ಬೆಂಗಳೂರಿನಲ್ಲಿ. ನಮ್ಮ ವಾರ್ಡಿನಿಂದ ನಿಲ್ಲಬೇಕು ಅಂತಿರುವವರೊಬ್ಬರು ಮನೆಮನೆಗೆ ಕರಪತ್ರ ಹಂಚಿದ್ದಾರೆ. ದಿನವೂ ಕಾವೇರಿ ನೀರು, ಟ್ರಾಫಿಕ್ ಇಲ್ಲದ ರಸ್ತೆ, ಹತ್ತಿರದಲ್ಲೇ ಮೆಟ್ರೋ ನಿಲ್ದಾಣ, ಕಸವಿಲ್ಲದ ಬೀದಿ, ಒಳ್ಳೆ ಪಾರ್ಕು ಅಂತ ಬರೆದಿದ್ದಾರೆ. ಇದರಲ್ಲಿ ಒಬ್ಬ ಕಾರ್ಪೊರೇಟರ್ ನಿಜವಾಗಿ ಮಾಡಬಲ್ಲದ್ದು ಯಾವುದು? ಏನು ನೋಡಿ ವೋಟು ಹಾಕಬೇಕು?

ಉತ್ತರ: ಈ ಐದರಲ್ಲಿ ಪಾಲಿಕೆಯ ಕೆಲಸ ಎರಡೇ, ಕಸ ಮತ್ತು ಪಾರ್ಕು. ಉಳಿದ ಮೂರೂ ಬೇರೆಯವರ ಕೈಯಲ್ಲಿವೆ.

ಬೆಂಗಳೂರಿನ ಕುಡಿಯುವ ನೀರು 1964ರಿಂದ ಜಲಮಂಡಳಿಯದ್ದು. ಮೆಟ್ರೋ ಕಟ್ಟುವುದು, ಓಡಿಸುವುದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಜಂಟಿ ಕಂಪನಿ. ಟ್ರಾಫಿಕ್ ಪೊಲೀಸರು ರಾಜ್ಯದ ಗೃಹ ಇಲಾಖೆಗೆ ಸೇರಿದವರು. ಬಸ್ಸಿಗೆ ಬಿಎಂಟಿಸಿ, ಕರೆಂಟಿಗೆ ಬೆಸ್ಕಾಂ. ಇವರೆಲ್ಲರನ್ನೂ ಒಂದೇ ಮೇಜಿಗೆ ಕೂರಿಸಬೇಕು ಅಂತಲೇ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ. ಆದರೆ ಅದರ ಅಧ್ಯಕ್ಷರು ಮುಖ್ಯಮಂತ್ರಿ, ಮೇಯರ್ ಅಲ್ಲ.

ಎಲ್ಲ ಊರಲ್ಲೂ ಹೀಗೇ ಇಲ್ಲ. ಮೈಸೂರಿನಲ್ಲಿ ನೀರು ಕೊಡುವ ವಾಣಿವಿಲಾಸ ನೀರು ಸರಬರಾಜು ವಿಭಾಗ ಮಹಾನಗರ ಪಾಲಿಕೆಯ ಒಳಗೇ ಇದೆ. ಅಲ್ಲಿ ನಲ್ಲಿಯ ಪ್ರಶ್ನೆಯನ್ನು ಕಾರ್ಪೊರೇಟರ್‌ಗೆ ಕೇಳುವುದರಲ್ಲಿ ಅರ್ಥವಿದೆ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ನಗರ ಸಂಸ್ಥೆಗಳಿಗೆ ಕೊಡಬಹುದಾದ 18 ಕೆಲಸಗಳ ಪಟ್ಟಿ ಅದರಲ್ಲಿದೆ, ನೀರು ಸರಬರಾಜೂ ಇದೆ. ಆದರೆ ಯಾವುದನ್ನು ಎಷ್ಟು ಕೊಡಬೇಕು ಅನ್ನುವುದು ರಾಜ್ಯಗಳಿಗೆ ಬಿಟ್ಟದ್ದು. ಬೆಂಗಳೂರಿಗೆ ಕೊಟ್ಟಿದ್ದು ಕಡಿಮೆಯಾಯಿತು ಅನ್ನುವುದು ನನ್ನ ಅಭಿಪ್ರಾಯ.

ಹಾಗಂತ ಕಾರ್ಪೊರೇಟರ್ ಕೈ ಖಾಲಿ ಏನಲ್ಲ. ವಾರ್ಡಿನ ಒಳರಸ್ತೆ, ಫುಟ್‌ಪಾತ್, ಬೀದಿದೀಪ, ಕಸ, ಪಾರ್ಕು, ಆಟದ ಮೈದಾನ, ಬೀದಿನಾಯಿಗಳ ಸಂತಾನಹರಣ ಚಿಕಿತ್ಸೆ, ಇವೆಲ್ಲ ಪಾಲಿಕೆಯ ಜವಾಬ್ದಾರಿ. ನಾವು ಕಟ್ಟುವ ಆಸ್ತಿ ತೆರಿಗೆಯ ದುಡ್ಡು ಎಲ್ಲಿಗೆ ಹೋಗಬೇಕು ಅನ್ನುವ ಬಜೆಟ್ ಚರ್ಚೆಯಲ್ಲಿ ಅವರಿಗೊಂದು ಕುರ್ಚಿ ಇದೆ, ಒಂದು ಮತ ಇದೆ.

ಈ ಪಟ್ಟಿಯಲ್ಲಿ ನಾನು ಮೊದಲು ನೋಡುವುದು ಮೋರಿ. ಸಣ್ಣ ವಿಷಯ ಅನ್ನಿಸಬಹುದು, ಅಲ್ವಾ? ಆದರೆ ರಸ್ತೆ ಪಕ್ಕದ ಮಳೆನೀರಿನ ಚರಂಡಿ ಮತ್ತು ರಾಜಕಾಲುವೆ ಪಾಲಿಕೆಯ ಪಾಲಿನವು. ಶೌಚದ ನೀರು ಹೋಗುವ ಒಳಚರಂಡಿ, ಮ್ಯಾನ್‌ಹೋಲ್ ಜಲಮಂಡಳಿಯವು. ಕಾಗದದ ಮೇಲೆ ಇವೆರಡೂ ಬೇರೆ ಬೇರೆ. ನೆಲದ ಮೇಲೆ ಎಷ್ಟೋ ಕಡೆ ಬೆರೆತುಹೋಗಿವೆ. ತಾರಸಿಯ ಮಳೆನೀರನ್ನು ಒಳಚರಂಡಿಗೆ ಬಿಟ್ಟ ಮನೆಗಳಿವೆ. ಜೋರು ಮಳೆ ಬಂದಾಗ ಆ ಪೈಪಿಗೆ ತಡೆಯಲಾಗದೆ ಮ್ಯಾನ್‌ಹೋಲ್ ಉಕ್ಕುತ್ತದೆ. ಹೂಳು ತುಂಬಿದ ಮೋರಿ ಆ ನೀರನ್ನೂ ಹೊರಲಾರದು. ಆಗ ಗಲೀಜು ನೀರು ನುಗ್ಗುವುದು ತಗ್ಗಿನಲ್ಲಿರುವ ಮನೆಗೆ. ಅಲ್ಲಿ ಬಾಡಿಗೆ ಕಡಿಮೆ ಅಂತ ಬಂದು ಸೇರಿಕೊಂಡವರೇ ಜಾಸ್ತಿ.

ಹಾಗಾಗಿ "ಪ್ರವಾಹ ಇಲ್ಲದ ವಾರ್ಡ್ ಮಾಡುತ್ತೇನೆ" ಅಂದರೆ ನನಗೆ ಏನೂ ಗೊತ್ತಾಗುವುದಿಲ್ಲ. "ಪ್ರತಿವರ್ಷ ಮೇ ಮುಗಿಯುವ ಮೊದಲು ಈ ಮೂರು ರಸ್ತೆಯ ಮೋರಿಯ ಹೂಳು ತೆಗೆಸುತ್ತೇನೆ, ತೆಗೆದ ಹೂಳನ್ನು ದಡದಲ್ಲೇ ಬಿಡದೆ ಸಾಗಿಸುತ್ತೇನೆ" ಅಂದರೆ ಗೊತ್ತಾಗುತ್ತದೆ. ಜೂನ್ ಒಂದಕ್ಕೆ ಹೋಗಿ ಕಣ್ಣಲ್ಲೇ ನೋಡಬಹುದು.

ರಸ್ತೆ ಅಗೆತವೂ ಹಾಗೇ. ಡಾಂಬರು ಹಾಕಿ ಎರಡು ತಿಂಗಳಾಗಿರುವುದಿಲ್ಲ, ಪೈಪಿಗೋ ಕೇಬಲ್ಲಿಗೋ ಮತ್ತೆ ಅಗೆಯುತ್ತಾರೆ. ಅಗೆಯುವವರು ಬೇರೆ ಸಂಸ್ಥೆಯವರೇ ಇರಬಹುದು, ಆದರೆ ಅನುಮತಿ ಕೊಡಬೇಕಾದ್ದು ಪಾಲಿಕೆ. "ಪೈಪು, ಕೇಬಲ್ ಕೆಲಸ ಮುಗಿಯದೆ ಡಾಂಬರು ಹಾಕಿಸುವುದಿಲ್ಲ" ಅನ್ನುವ ಅಭ್ಯರ್ಥಿಗೆ ಊರು ಹೇಗೆ ನಡೆಯುತ್ತದೆ ಅಂತ ಗೊತ್ತಿದೆ ಅಂತ ಲೆಕ್ಕ.

ಹಾಗಾದರೆ ನೀರಿನ ಬಗ್ಗೆ ಮಾತೇ ಆಡಬಾರದೇ? ಆಡಲಿ. "ನೀರು ತರುತ್ತೇನೆ" ಅನ್ನುವ ಬದಲು "ಜಲಮಂಡಳಿ ಎಂಜಿನಿಯರನ್ನು ವಾರ್ಡ್ ಸಮಿತಿ ಸಭೆಗೆ ಕರೆಸಿ, ನಿಮ್ಮೆದುರೇ ಕೇಳುತ್ತೇನೆ" ಅಂದರೆ ಅದು ಪ್ರಾಮಾಣಿಕ ಮಾತು.

ವಾರ್ಡ್ ಸಮಿತಿಯ ಹೆಸರು ಕರಪತ್ರದಲ್ಲಿ ಇದೆಯೋ ಇಲ್ಲವೋ ನೋಡಿ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆ ಇರುವ ಯಾವುದೇ ನಗರದಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಅದೇ 74ನೇ ತಿದ್ದುಪಡಿ ಹೇಳುತ್ತದೆ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಅಂತ ನಾವೂ ಬಾಯಿಬಿಟ್ಟು ಹೇಳಬಹುದಾದ ಜಾಗ ಅದು. ಸಭೆ ತಿಂಗಳಲ್ಲಿ ಯಾವ ದಿನ, ಎಷ್ಟು ಗಂಟೆಗೆ ಅಂತ ಕೇಳಿ. ಕೆಲಸಕ್ಕೆ ಹೋಗುವವರೂ ಬರುವಂಥ ಹೊತ್ತೇ ಅಂತ ಕೇಳಿ. ಕಾಮಗಾರಿ ಪಟ್ಟಿ, ಅದರ ಮೊತ್ತ, ಗುತ್ತಿಗೆದಾರರ ಹೆಸರನ್ನು ವಾರ್ಡ್ ಕಚೇರಿಯ ಗೋಡೆ ಮೇಲೆ ಹಾಕುತ್ತಾರಾ ಅಂತಲೂ ಕೇಳಿ.

ಇಷ್ಟೆಲ್ಲ ಒತ್ತಿ ಹೇಳುವುದಕ್ಕೆ ಕಾರಣವಿದೆ. ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ಐದು ವರ್ಷಕ್ಕೂ ಜಾಸ್ತಿ ಕಾಲ ಈ ಊರಿಗೆ ಒಬ್ಬನೇ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಬೀದಿದೀಪ ಕೆಟ್ಟರೂ ಶಾಸಕರ ಮನೆ ಬಾಗಿಲಿಗೆ ಹೋಗುವುದು ಜನಕ್ಕೆ ಅಭ್ಯಾಸವಾಗಿಬಿಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ವಾರ್ಡುಗಳು 198 ಇದ್ದದ್ದು 369 ಆದವು. 2011ರ ಜನಗಣತಿಯ 84 ಲಕ್ಷವನ್ನೇ ಹಿಡಿದರೆ, ಮೊದಲು ಒಂದು ವಾರ್ಡಿಗೆ ಸರಾಸರಿ 42 ಸಾವಿರ ಜನ ಬರುತ್ತಿದ್ದರು. ಹೊಸ ಲೆಕ್ಕದಲ್ಲಿ 23 ಸಾವಿರ. ಈಗ ಜನ ಇನ್ನೂ ಹೆಚ್ಚಿದ್ದಾರೆ, ನಿಜ. ಆದರೂ ಇಷ್ಟು ಚಿಕ್ಕ ವಾರ್ಡನ್ನು ನಡೆದೇ ನೋಡಬಹುದು.

ಅಭ್ಯರ್ಥಿ ಸಲ್ಲಿಸುವ ಪ್ರಮಾಣಪತ್ರವನ್ನೂ ಓದಿ. ಆಸ್ತಿ, ಸಾಲ, ಕ್ರಿಮಿನಲ್ ಕೇಸುಗಳ ವಿವರ ಅದರಲ್ಲಿ ಇರುತ್ತದೆ.

ನಮ್ಮಮ್ಮನಿಗೆ ಮೊಣಕಾಲು ನೋವು. ಮನೆಯಿಂದ ದೇವಸ್ಥಾನ ಹತ್ತಿರವೇ. ಆದರೆ ಫುಟ್‌ಪಾತ್ ಒಂದು ಕಡೆ ಮೊಣಕಾಲೆತ್ತರ, ಇನ್ನೊಂದು ಕಡೆ ಚಪ್ಪಡಿಯೇ ಇಲ್ಲ. ಅವರು ರಸ್ತೆಯಲ್ಲೇ ನಡೆಯುತ್ತಾರೆ, ಬೆನ್ನ ಹಿಂದೆ ಹಾರ್ನ್ ಕೇಳಿದಾಗೆಲ್ಲ ಬೆಚ್ಚಿ ನಿಲ್ಲುತ್ತಾರೆ. ನಮ್ಮ ಬೀದಿಗೆ ಯಾರು ವೋಟು ಕೇಳಲು ಬಂದರೂ ಅಮ್ಮನ ಜೊತೆ ಆ ದಾರಿಯಲ್ಲಿ ಒಮ್ಮೆ ನಡೆದು ಬನ್ನಿ ಅಂತ ಕೇಳಿಕೊಳ್ಳುತ್ತೇನೆ. ವಾಪಸ್ ಬಂದ ಮೇಲೆ ಒಂದೇ ಪ್ರಶ್ನೆ: ಈ ದಾರಿಯಲ್ಲಿ ಮೊದಲು ಯಾವ ಕಲ್ಲು ಹಾಕಿಸುತ್ತೀರಿ, ಯಾವ ತಿಂಗಳಲ್ಲಿ? ನಿಮ್ಮ ಬೀದಿಯಲ್ಲೂ ಅಂಥದ್ದೊಂದು ದಾರಿ ಇದ್ದೇ ಇರುತ್ತದೆ. ಕರಪತ್ರ ಕೊಟ್ಟವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ.