ಗಾಯದ ಮುಖಗಳ ಮುಂದೆ ಕುಳಿತ ಡ್ರಾಯಿಂಗ್ ಮೇಷ್ಟ್ರು

ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಗ್ರಹದಲ್ಲಿ ಮೊದಲ ಮಹಾಯುದ್ಧದ ಕಾಲದ ಒಂದು ಪೇಸ್ಟಲ್ (ಒಣ ಬಣ್ಣದ ಕಡ್ಡಿಗಳಿಂದ ಬರೆದ) ಚಿತ್ರಮಾಲೆಯಿದೆ. ದವಡೆ ಹಾರಿಹೋದವರು, ಮೂಗು ಕಳೆದುಕೊಂಡವರು, ತುಟಿ ಸೀಳಿದವರು, ಎಲ್ಲರೂ ಸೈನಿಕರು. ಇವು ಜನರ ಮುಂದಿಡುವಂಥ ಚಿತ್ರಗಳಲ್ಲ ಎಂದೇ ಅವುಗಳನ್ನು ಬರೆದ ಹೆನ್ರಿ ಟಾಂಕ್ಸ್ ನಂಬಿದ್ದರು. ಅವರ ಹೆಸರನ್ನು ಇಂದು ಹೆಚ್ಚಾಗಿ ಉಳಿಸಿರುವುದು ಮಾತ್ರ ಇವೇ ಚಿತ್ರಗಳು.

1862ರಲ್ಲಿ ಇಂಗ್ಲೆಂಡಿನ ಸಾಲಿಹಲ್‌ನಲ್ಲಿ ಹುಟ್ಟಿದ ಟಾಂಕ್ಸ್ ಓದಿದ್ದು ವೈದ್ಯಕೀಯ. ಶಸ್ತ್ರವೈದ್ಯರಾಗಿ, ಅಂಗರಚನಾಶಾಸ್ತ್ರ ಕಲಿಸುತ್ತಲೇ ಸಂಜೆ ಹೊತ್ತು ವೆಸ್ಟ್‌ಮಿನ್‌ಸ್ಟರ್ ಕಲಾಶಾಲೆಗೆ ಹೋಗುತ್ತಿದ್ದರು. ಅಲ್ಲಿ ಗುರುವಾಗಿದ್ದ ಫ್ರೆಡರಿಕ್ ಬ್ರೌನ್ 1892ರಲ್ಲಿ ಲಂಡನ್ನಿನ ಸ್ಲೇಡ್ ಕಲಾಶಾಲೆಯ ಪ್ರಾಧ್ಯಾಪಕರಾದರು. ಆಗ ಶಿಷ್ಯನನ್ನೂ ಜೊತೆಗೆ ಕರೆದುಕೊಂಡರು. ವೈದ್ಯವೃತ್ತಿ ಅಲ್ಲಿಗೆ ಮುಗಿಯಿತು, ಆದರೆ ಕಣ್ಣು ವೈದ್ಯನದಾಗಿಯೇ ಉಳಿಯಿತು. ವಿದ್ಯಾರ್ಥಿ ಬರೆದ ಭುಜ ತಪ್ಪಿದ್ದರೆ ಅದೇ ಹಾಳೆಯ ಅಂಚಿನಲ್ಲಿ ಮೂಳೆ, ಸ್ನಾಯು ಹೇಗೆ ಕೂಡುತ್ತವೆ ಎಂದು ಪುಟ್ಟದಾಗಿ ಬರೆದು ತೋರಿಸುತ್ತಿದ್ದರು. ನಾಲಿಗೆ ಮಾತ್ರ ಬಲು ಹರಿತ. ಅವರ ಮಾತಿಗೆ ಅತ್ತವರು ಅನೇಕರು. ಮುಂದೆ ಹೆಸರಾದ ಚಿತ್ರಕಾರರು ಸ್ಟ್ಯಾನ್ಲಿ ಸ್ಪೆನ್ಸರ್, ಪಾಲ್ ನ್ಯಾಶ್, ಡೋರಾ ಕ್ಯಾರಿಂಗ್ಟನ್, ಮಾರ್ಕ್ ಗರ್ಟ್ಲರ್ ಇದೇ ಗರಡಿಯವರು. 1910ರಲ್ಲಿ ಕಲಾವಿಮರ್ಶಕ ರೋಜರ್ ಫ್ರೈ ಲಂಡನ್ನಿನಲ್ಲಿ ಸೆಜಾನ್, ವ್ಯಾನ್ ಗೋ, ಗೋಗ್ಯಾನ್ ಅವರ ಹೊಸ ಬಗೆಯ ಚಿತ್ರಗಳನ್ನು ಪ್ರದರ್ಶಿಸಿದಾಗ, ಅತ್ತ ಹೋಗದಿದ್ದರೆ ತಮಗೆ ಸಂತೋಷ ಎಂದು ಟಾಂಕ್ಸ್ ವಿದ್ಯಾರ್ಥಿಗಳಿಗೆ ಹೇಳಿದ್ದರಂತೆ. ಇಂಥ ಮಾತು ಕೇಳಿ ಹೋಗದೆ ಉಳಿಯುವ ವಿದ್ಯಾರ್ಥಿ ಯಾವ ಕಾಲದಲ್ಲಿದ್ದಾನೆ!

ಯುದ್ಧ ಅವರನ್ನು ಮತ್ತೆ ಆಸ್ಪತ್ರೆಗೆ ಎಳೆಯಿತು. 1916ರಲ್ಲಿ ಆಲ್ಡರ್‌ಶಾಟ್‌ನ ಸೇನಾ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಹೆರಾಲ್ಡ್ ಗಿಲೀಸ್ ಒಡೆದ ಮುಖಗಳನ್ನು ಸರಿಪಡಿಸುವ ಹೊಸ ವಿದ್ಯೆ ಕಟ್ಟುತ್ತಿದ್ದರು. ಕಪ್ಪು-ಬಿಳುಪು ಫೋಟೊದಲ್ಲಿ ಗಾಯದ ಬಣ್ಣ ಕಾಣುತ್ತಿರಲಿಲ್ಲ. ಜೀವಂತ ಮಾಂಸದ ಕೆಂಪು, ಒಣಗುತ್ತಿರುವ ಚರ್ಮದ ಬೂದು, ಊತದ ಹೊಳಪು ದಾಖಲಾಗಬೇಕಾದರೆ ಚಿತ್ರಗಾರನೇ ಬೇಕಿತ್ತು. ಟಾಂಕ್ಸ್ ಶಸ್ತ್ರಕ್ರಿಯೆಯ ಹಂತಗಳ ರೇಖಾಚಿತ್ರಗಳನ್ನೂ ಬರೆದುಕೊಟ್ಟರು. ಮುಂದೆ ಈ ಚಿಕಿತ್ಸೆ ಸಿಡ್‌ಕಪ್‌ನ ಹೊಸ ಆಸ್ಪತ್ರೆಗೆ ಸ್ಥಳಾಂತರವಾಯಿತು.

ಕೆಲವು ಸೈನಿಕರ ಎರಡೆರಡು ಚಿತ್ರಗಳಿವೆ, ಶಸ್ತ್ರಕ್ರಿಯೆಗೆ ಮೊದಲಿನದು ಮತ್ತು ಅನಂತರದ್ದು. ವೈದ್ಯರ ಕೆಲಸಕ್ಕೆ ಗಾಯವಷ್ಟೇ ಸಾಕಿತ್ತು. ಟಾಂಕ್ಸ್ ಕೂದಲನ್ನೂ ಕುತ್ತಿಗೆಯನ್ನೂ, ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣುಗಳನ್ನೂ ಬರೆದರು. ಬಾಯಿ ಇರಬೇಕಾದಲ್ಲಿ ಹಳ್ಳ, ಅದರ ಮೇಲೆ ನಮ್ಮನ್ನು ನೇರವಾಗಿ ನೋಡುವ ಎರಡು ಕಣ್ಣು. ದಾಖಲೆಯಾಗಬೇಕಾದದ್ದು ಭಾವಚಿತ್ರವಾದದ್ದು ಹೀಗೆ.

1918ರಲ್ಲಿ ಅಧಿಕೃತ ಯುದ್ಧ ಚಿತ್ರಕಾರರಾಗಿ ಅವರು ಹೆಸರಾಂತ ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ ಜೊತೆ ಫ್ರಾನ್ಸಿಗೆ ಹೋದರು. ಅದೇ ವರ್ಷ ಸ್ಲೇಡ್‌ನ ಪ್ರಾಧ್ಯಾಪಕರಾಗಿ 1930ರವರೆಗೆ ಮುಂದುವರಿದರು. 1937ರಲ್ಲಿ ತೀರಿಕೊಂಡರು. ಫ್ರಾನ್ಸಿನ ಪ್ರಥಮ ಚಿಕಿತ್ಸಾ ಠಾಣೆಯನ್ನು ಕುರಿತ ಅವರ ದೊಡ್ಡ ತೈಲಚಿತ್ರ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಗಾಯಾಳುಗಳು ಅಚ್ಚುಕಟ್ಟಾಗಿ ಜೋಡಿಸಿಟ್ಟಂತೆ ಕಾಣುತ್ತಾರೆ, ಪ್ರತಿ ದೇಹವೂ ಪಾಠದಂತಿದೆ. ನನಗಂತೂ ಆ ಇಡೀ ಚಿತ್ರಕ್ಕಿಂತ ಆಲ್ಡರ್‌ಶಾಟ್‌ನ ಒಂದು ಪೇಸ್ಟಲ್ ಹಾಳೆಯೇ ದೊಡ್ಡದು.