ಕುಜು ಹಿಟ್ಟು: ಮದ್ದೋ, ಗಂಜಿಯೋ?

ಪ್ರಶ್ನೆ: ಜಪಾನಿನ ಕುಜು ಹಿಟ್ಟು ಶೀತ, ಹೊಟ್ಟೆನೋವು, ಕೊನೆಗೆ ಕುಡಿತದ ಚಟಕ್ಕೂ ಮದ್ದು ಎಂದು ಓದಿದೆ. ಅದನ್ನು ‘ಜಪಾನಿ ಆರಾರೂಟ್’ ಎಂದೂ ಕರೆಯುತ್ತಾರಂತೆ. ಹಾಗಾದರೆ ಅದು ನಮ್ಮ ಕೂವೆ ಹಿಟ್ಟೇ ಅಲ್ಲವೇ? ಅಷ್ಟು ಬೆಲೆ ಕೊಟ್ಟು ತರಿಸಬೇಕೇ?

ಉತ್ತರ: ಗಿಡಗಳು ಬೇರೆ, ಅಡುಗೆಮನೆಯಲ್ಲಿ ಅವುಗಳ ಕೆಲಸ ಹೆಚ್ಚುಕಡಿಮೆ ಒಂದೇ. ಆರಾರೂಟ್ ಕೂವೆ ಅಮೆರಿಕದ ಉಷ್ಣವಲಯದಿಂದ ಬಂದ, ಅರಿಸಿನದಂತೆ ಎಲೆ ಬಿಡುವ ಗಿಡ. ಕುಜು ನಮ್ಮ ಅವರೆ, ತೊಗರಿಗಳ ಬಳಗದ ಬಳ್ಳಿ. ಆಯುರ್ವೇದದಲ್ಲಿ ವಿದಾರಿಕಂದ ಎನ್ನುವ ನೆಲಗುಂಬಳ ಇದಕ್ಕೆ ಬಲು ಹತ್ತಿರದ ನಂಟು. ಎರಡೂ ಒಂದೇ ಸಸ್ಯಕುಲದವು. ಎಂಟನೆಯ ಶತಮಾನದ ‘ಮಾನ್‌ಯೋಶೂ’ ಸಂಕಲನದಲ್ಲಿ ಯಾಮಾನೊಯೆ ನೊ ಒಕುರ ಎಂಬ ಕವಿ ಶರತ್ಕಾಲದ ಏಳು ಹೂಗಳನ್ನು ಎಣಿಸುವಾಗ ಕುಜುವನ್ನೂ ಸೇರಿಸಿಕೊಂಡಿದ್ದಾನೆ. ಇದೇ ಬಳ್ಳಿ 1876ರ ಫಿಲಡೆಲ್ಫಿಯಾ ಪ್ರದರ್ಶನದ ಮೂಲಕ ಅಮೆರಿಕಕ್ಕೆ ಹೋಯಿತು. ಮುಂದೆ ಮಣ್ಣಿನ ಸವಕಳಿ ತಡೆಯಲು ಅದನ್ನು ಅಲ್ಲಿನ ದಕ್ಷಿಣ ರಾಜ್ಯಗಳಲ್ಲಿ ಸರ್ಕಾರವೇ ನೆಡಿಸಿತು. ಈಗ ಅದು ವಿದ್ಯುತ್ ಕಂಬ, ಪಾಳು ಮನೆ ಎನ್ನದೆ ಎಲ್ಲವನ್ನೂ ಮುಚ್ಚುವ ಕಳೆ. ಜಪಾನಿ ಭಾಷೆಯಲ್ಲಿ ‘ಕುಜು’ ಎಂದೇ ಉಚ್ಚರಿಸುವ ಇನ್ನೊಂದು ಪದಕ್ಕೆ ಕಸ ಎಂಬ ಅರ್ಥವಿದೆ. ಅಮೆರಿಕದ ರೈತರಿಗೆ ಇದು ಗೊತ್ತಿದ್ದರೆ ಒಪ್ಪುತ್ತಿದ್ದರೇನೋ.

ನಿಮ್ಮ ಪ್ರಶ್ನೆಗೆ ಉತ್ತರವಿರುವುದು ಹಿಟ್ಟು ತೆಗೆಯುವ ವಿಧಾನದಲ್ಲಿ. ನಾರಾ ಪ್ರಾಂತ್ಯದ ಯೋಶಿನೊ, ಉದಾ ಕಡೆಯ ಕುಜುವಿಗೆ ದೊಡ್ಡ ಹೆಸರಿದೆ. ಚಳಿಗಾಲದಲ್ಲಿ ಬಳ್ಳಿ ಒಣಗಿ, ಅದರ ಸತ್ವವೆಲ್ಲ ಬೇರಿಗೆ ಇಳಿದ ಮೇಲೆ ಗುಡ್ಡದಿಂದ ಬೇರು ಅಗೆದು ತರುತ್ತಾರೆ. ಅದು ತೋಳಿನಷ್ಟು ದಪ್ಪ, ಮರದಂತೆ ನಾರುನಾರು. ಜಜ್ಜಿ ನೀರಿನಲ್ಲಿ ಹಿಂಡಿದರೆ ಮೊದಲು ಬರುವುದು ಕಂದು ಬಣ್ಣದ, ಕಹಿಯಾದ ರಾಡಿ. ತೊಟ್ಟಿಯಲ್ಲಿ ಬಿಟ್ಟರೆ ಹಿಟ್ಟು ತಳಕ್ಕೆ ಕೂರುತ್ತದೆ. ಮೇಲಿನ ನೀರು ಬಸಿದು, ಹೊಸ ತಣ್ಣೀರು ಹೊಯ್ದು ಕದಡಿ, ಮತ್ತೆ ಕೂರಲು ಬಿಡುತ್ತಾರೆ. ಹಿಟ್ಟು ಹಿಮದಷ್ಟು ಬಿಳಿಯಾಗುವವರೆಗೆ ಇದೇ ಕೆಲಸ ದಿನಗಟ್ಟಲೆ ನಡೆಯುತ್ತದೆ. ಇದಕ್ಕೆ ಯೋಶಿನೊ-ಜರಾಶಿ ಎಂದು ಹೆಸರು. ಕೊರೆಯುವ ಚಳಿಯಲ್ಲೇ ಮಾಡುವುದಕ್ಕೂ ಕಾರಣವಿದೆ: ಬೆಚ್ಚಗಿನ ನೀರಿನಲ್ಲಿ ಹಿಟ್ಟು ಹುಳಿಯುತ್ತದೆ. ಆಮೇಲೆ ಗಾಳಿಯಾಡುವ ನೆರಳಿನಲ್ಲಿ ವಾರಗಟ್ಟಲೆ ಒಣಗಿಸಬೇಕು. ಬೇರಿನ ತೂಕದ ಹತ್ತನೇ ಒಂದು ಪಾಲು ಹಿಟ್ಟು ಕೈಗೆ ಬಂದರೆ ಅದೇ ದೊಡ್ಡದು. ಬೆಲೆಯ ಗುಟ್ಟು ಇಷ್ಟೇ.

ಗೆಡ್ಡೆ ರುಬ್ಬಿ, ಬಟ್ಟೆಯಲ್ಲಿ ಸೋಸಿ, ತಿಳಿ ಬಸಿದು ಕೂವೆ ಹಿಟ್ಟು ಮಾಡುವುದನ್ನು ಕರಾವಳಿಯಲ್ಲೋ ಮಲೆನಾಡಿನಲ್ಲೋ ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣದು. ಗಮನಿಸಬೇಕಾದದ್ದು ಆ ಕಂದು ನೀರನ್ನು. ಕುಜು ಬೇರಿನ ಔಷಧೀಯ ಗುಣದ ಮಾತು ಬಂದಾಗಲೆಲ್ಲ ಕೇಳುವ ಪ್ಯೂರರಿನ್, ಡೈಡ್ಜಿನ್ ಮುಂತಾದ ಐಸೊಫ್ಲೇವೊನ್ ಎಂಬ ಸಸ್ಯರಾಸಾಯನಿಕಗಳು ಬಹುಪಾಲು ಹೊರಗೆ ಹೋಗುವುದು ಆ ನೀರಿನ ಜೊತೆಗೇ. ಹಿಟ್ಟು ಬೆಳ್ಳಗಾದಷ್ಟೂ ಅದರಲ್ಲಿ ಮದ್ದು ಕಡಿಮೆ. ಉಳಿಯುವುದು ಪಿಷ್ಟ: 100 ಗ್ರಾಂನಲ್ಲಿ ಸುಮಾರು 85 ಗ್ರಾಂ ಕಾರ್ಬೊಹೈಡ್ರೇಟ್, 350ರ ಆಸುಪಾಸು ಕ್ಯಾಲೊರಿ. ಪ್ರೋಟೀನ್ ಇಲ್ಲವೆಂದೇ ಹೇಳಬಹುದು.

ಶೀತದ ಮದ್ದೆಂಬ ಕೀರ್ತಿ ಬಂದದ್ದು ‘ಕಾಕ್ಕೊಂತೊ’ ಎಂಬ ಕಷಾಯದಿಂದ. ಚೀನಾದ ಪುರಾತನ ವೈದ್ಯಗ್ರಂಥದಿಂದ ಬಂದ ಈ ಕಷಾಯಕ್ಕೆ ಹಿಟ್ಟು ತೆಗೆಯದೆ ಕುಜು ಬೇರನ್ನೇ ಒಣಗಿಸಿ ಹಾಕುತ್ತಾರೆ. ಜೊತೆಗೆ ಶುಂಠಿ, ದಾಲ್ಚಿನ್ನಿ, ಜ್ಯೇಷ್ಠಮಧು, ಎಫೆಡ್ರಾ ಎಂಬ ಮೂಲಿಕೆ ಇತ್ಯಾದಿ. ಜಪಾನಿನ ಔಷಧದಂಗಡಿಗಳಲ್ಲಿ ಇದರ ಪುಡಿ ಪೊಟ್ಟಣಗಳಲ್ಲಿ ಸಿಗುತ್ತದೆ. ತಲೆನೋವು ಎಂದವನಿಗೂ ಹೊಟ್ಟೆನೋವು ಎಂದವನಿಗೂ ಕಾಕ್ಕೊಂತೊ ಕೊಟ್ಟು, ಕೊನೆಗೆ ರೋಗಿಯ ಜೊತೆ ಸುಮ್ಮನೆ ಬಂದು ಕೂತವನಿಗೂ ಅದನ್ನೇ ಕುಡಿಸುವ ವೈದ್ಯನ ನಗೆಕಥೆಯೊಂದು ಅಲ್ಲಿನ ರಾಕುಗೊ ಎಂಬ ಹಾಸ್ಯ ಕಥನಕಲೆಯ ಕಲಾವಿದರ ಬಾಯಲ್ಲಿದೆ. ಎಫೆಡ್ರಾ ರಕ್ತದೊತ್ತಡ ಏರಿಸಬಲ್ಲದು, ಎದೆಬಡಿತ ಹೆಚ್ಚಿಸಬಲ್ಲದು. ಹಾಗಾಗಿ ಬಿ.ಪಿ., ಹೃದ್ರೋಗ ಇದ್ದವರು ಈ ಕಷಾಯವನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ಹಿಟ್ಟಿನಲ್ಲಿ ಈ ಅಪಾಯವೂ ಇಲ್ಲ, ಆ ಗುಣವೂ ಇಲ್ಲ.

ಕುಡಿತದ ಮಾತೂ ಹೀಗೆಯೇ. 2005ರಲ್ಲಿ ಅಮೆರಿಕದ ಮೆಕ್ಲೀನ್ ಆಸ್ಪತ್ರೆಯ ಸಂಶೋಧಕರು ಕುಜುವಿನ ಸಾರ ತೆಗೆದುಕೊಂಡವರು ಕಡಿಮೆ ಬಿಯರ್ ಕುಡಿದರೆಂದು ವರದಿ ಮಾಡಿದರು. ಭಾಗವಹಿಸಿದ್ದವರು 14 ಮಂದಿ, ಬಳಸಿದ್ದು ಸಾರ ತುಂಬಿದ ಗುಳಿಗೆ. ಅದನ್ನು ಹಿಟ್ಟಿನ ಖಾತೆಗೆ ಜಮಾ ಮಾಡುವುದು ಅಂಗಡಿಯವರ ಲೆಕ್ಕಾಚಾರ.

ಹಾಗೆಂದು ಹಿಟ್ಟು ನಿಷ್ಪ್ರಯೋಜಕವೆಂದು ನಾನು ಹೇಳಲಾರೆ. ಜ್ವರ ಬಂದು ನಾಲಿಗೆ ಕೆಟ್ಟಾಗ, ಹೊಟ್ಟೆ ಏನನ್ನೂ ಒಲ್ಲೆ ಎನ್ನುವಾಗ ಜಪಾನಿನ ಮನೆಗಳಲ್ಲಿ ‘ಕುಜುಯು’ ಎಂಬ ಗಂಜಿ ಕಾಸಿ ಕೊಡುತ್ತಾರೆ. ಗಂಟಲಿಗೆ ನುಣುಪು, ಜೀರ್ಣಕ್ಕೆ ಹಗುರ, ದಪ್ಪಗಿರುವುದರಿಂದ ಬಿಸಿಯೂ ಬೇಗ ಆರುವುದಿಲ್ಲ. ಒಂದು ದೊಡ್ಡ ಚಮಚ ಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ; ಬಿಸಿನೀರಿಗೆ ಹಾಕಿದರೆ ಗಂಟುಗಂಟಾಗಿ ಕೆಡುತ್ತದೆ. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಿದ್ದರೆ ಹಾಲಿನಂತಿದ್ದದ್ದು ಒಮ್ಮೆಲೇ ದಪ್ಪಗಾಗಿ ಗಾಜಿನಂತೆ ತಿಳಿಯಾಗುತ್ತದೆ. ಆಗ ಇಳಿಸಿ, ಸ್ವಲ್ಪ ಸಕ್ಕರೆ, ಶುಂಠಿರಸ ಸೇರಿಸಿ. ಭೇದಿಯಾಗುತ್ತಿದ್ದರೆ ಓಆರ್‌ಎಸ್ ಮೊದಲು, ಇದೆಲ್ಲ ಆಮೇಲೆ. ಮಧುಮೇಹಿಗಳು ಇದನ್ನು ಅನ್ನದ ಲೆಕ್ಕದಲ್ಲೇ ಹಿಡಿಯಬೇಕು. ಒಂದು ವರ್ಷದೊಳಗಿನ ಮಗುವಿಗೆ ಕೊಡುವ ಯಾವ ಗಂಜಿಗೂ ಜೇನು ಬೆರೆಸಬೇಡಿ.

ಇಷ್ಟಕ್ಕೇ ಆದರೆ ನಮ್ಮ ಕೂವೆ ಗಂಜಿ ಸಾಲದೇ? ಧಾರಾಳವಾಗಿ ಸಾಕು. ಕುಜು ಬೇಕೇ ಬೇಕು ಎನಿಸುವುದು ರುಚಿಯ ವಿಷಯದಲ್ಲಿ. ಕೋಯಾ ಬೆಟ್ಟದ ಬೌದ್ಧ ಮಠಗಳ ‘ಗೋಮಾದೋಫು’ವಿನಲ್ಲಿ ಹೆಸರಿಗೆ ತೋಫು ಇದ್ದರೂ ಸೋಯಾ ಇಲ್ಲ, ಎಳ್ಳಿನ ಹಾಲನ್ನು ಕುಜು ಹಾಕಿ ಕಾಸಿ ಹೆಪ್ಪುಗಟ್ಟಿಸುತ್ತಾರೆ. ಕ್ಯೋಟೋದಲ್ಲಿ ಕುಜುವಿನ ಪಾರದರ್ಶಕ ಶಾವಿಗೆಯನ್ನು ಮಂಜುಗಡ್ಡೆಯ ನೀರಿನಲ್ಲಿ ತೇಲಿಸಿ, ಕಪ್ಪು ಬೆಲ್ಲದ ಪಾಕದಲ್ಲಿ ಅದ್ದಿ ತಿನ್ನುತ್ತಾರೆ. ಆ ನುಣುಪು, ಬಾಗಿದರೂ ಮುರಿಯದ ಆ ಬಿಗಿ ಬೇರೆ ಹಿಟ್ಟಿಗೆ ಸುಲಭವಾಗಿ ಬಾರದು.

ಕೊಳ್ಳುವುದೇ ಆದರೆ ಪೊಟ್ಟಣದ ಮೇಲೆ ‘ಹೊನ್-ಕುಜು’ (ಅಸಲಿ ಕುಜು) ಎಂದಿದೆಯೇ, ಪದಾರ್ಥಗಳ ಪಟ್ಟಿಯಲ್ಲಿ ಕುಜು ಒಂದೇ ಇದೆಯೇ ನೋಡಿ. ‘ಹೊನ್’ ಇಲ್ಲದೆ ಕುಜು ಪುಡಿ ಎಂದಷ್ಟೇ ಇದ್ದರೆ ಗೆಣಸಿನ ಅಥವಾ ಆಲೂಗಡ್ಡೆಯ ಪಿಷ್ಟ ಬೆರೆತಿರಬಹುದು. ಹಿಟ್ಟುಗಳ ಹೆಸರನ್ನು ನಂಬುವುದು ಜಪಾನಿನಲ್ಲೂ ಕಷ್ಟ. ಕತಾಕುರಿ ಎಂಬ ಹೂಗಿಡದ ಗೆಡ್ಡೆಯಿಂದ ತೆಗೆಯುತ್ತಿದ್ದ ‘ಕತಾಕುರಿಕೊ’ ಈಗ ಆಲೂಗಡ್ಡೆಯದು. ಟೋಕಿಯೋ ಕಡೆಯ ‘ಕುಜುಮೋಚಿ’ ಎಂಬ ಸಿಹಿಯಲ್ಲಂತೂ ಕುಜು ಇರುವುದೇ ಇಲ್ಲ. ಅದು ಹುಳಿ ಬರಿಸಿದ ಗೋಧಿ ಪಿಷ್ಟದ್ದು. ಗೋಧಿ ಒಗ್ಗದವರು ಹೆಸರು ಕೇಳಿ ತಟ್ಟೆಗೆ ಕೈ ಹಾಕಬೇಡಿ.