ಬೆಳೆಯದ ಲೋಳೆಸರ

ಕಳೆದ ವಾರ ಬಾಗಲಕೋಟೆಯ ನವನಗರದಿಂದ ಒಬ್ಬ ತಾಯಿ ಅಂಗೈಯಗಲದ ಕುಂಡ ಹಿಡಿದುಕೊಂಡು ಬಂದರು. "ಲೋಳಸರದ ಮರಿ ಅಂತ ಕೊಟ್ರರೀ ಸರ. ಎರಡು ವರ್ಷ ಆತು, ಗೇಣುದ್ದ ಸೈತ ಬೆಳೀವಲ್ದು. ಗೊಬ್ಬರ ಏನ್ ಹಾಕ್ಲಿ?"

ಗೊಬ್ಬರ ಬೇಕಿರಲಿಲ್ಲ, ಗಿಡವೇ ಬೇರೆ. ಎಲೆಯ ಅಂಚಿಗೆ ಅವರ ಬೆರಳನ್ನೇ ಸವರಿಸಿದೆ. ಲೋಳೆಸರಕ್ಕಿರುವ ಗರಗಸದ ಹಲ್ಲು ತಾಗಲಿಲ್ಲ. ಎಲೆಯ ಬೆನ್ನ ಮೇಲಿನ ಬಿಳಿ ಪಟ್ಟೆಗಳು ಬರೀ ಬಣ್ಣವಲ್ಲ, ಅಡ್ಡಸಾಲಿನಲ್ಲಿ ಎದ್ದ ಗುಳ್ಳೆಗಳು. ಉಗುರಿಗೆ ಗರಗರ ಸಿಗುತ್ತವೆ. ಎಲೆಯ ಒಳಮೈ ನೋಡಿದೆ, ಅಲ್ಲೂ ಸಣ್ಣ ಗುಳ್ಳೆಗಳಿದ್ದವು. ಹಾಗಾದರೆ ಇದು ಹಾವರ್ಥಿಯಾಪ್ಸಿಸ್ ಅಟೆನ್ಯುಯೇಟಾ, ದಕ್ಷಿಣ ಆಫ್ರಿಕಾದ ಗಿಡ. ಒಳಮೈ ನುಣುಪಾಗಿದ್ದರೆ ಅದೇ ಕುಲದ ಇನ್ನೊಂದು ಗಿಡ, ಫ್ಯಾಸಿಯೇಟಾ. ಫ್ಯಾಸಿಯೇಟಾ ಎಂಬ ಚೀಟಿ ಹೊತ್ತು ನರ್ಸರಿಗಳಿಗೆ ಬರುವ ಗಿಡಗಳೂ ಹೆಚ್ಚಾಗಿ ಅಟೆನ್ಯುಯೇಟಾನೇ ಆಗಿರುತ್ತವೆ.

"ಹೂ ಬಿಟ್ಟಿತ್ತೇನ್ರಿ?" ಎಂದು ಕೇಳಿದೆ. ದಾರದಂಥ ಕಡ್ಡಿಯ ಮೇಲೆ ಚಿಕ್ಕ ಬಿಳಿ ಹೂ ಬಂದಿದ್ದವಂತೆ, ಕಳೆ ಅಂತ ಕತ್ತರಿಸಿ ಹಾಕಿದ್ದರಂತೆ. ನನಗೆ ಹೊಟ್ಟೆ ಚುರುಕ್ ಎಂದಿತು. ಲೋಳೆಸರದ ಹೂ ಹಳದಿ ಕೊಳವೆ, ದಪ್ಪ ದಂಟಿನಲ್ಲಿ ಇಳಿಬಿದ್ದಿರುತ್ತದೆ. ಇದರದು ಎರಡು ತುಟಿಯ ಪುಟ್ಟ ಬಿಳಿ ಹೂ. ಎಲೆಯ ಬಣ್ಣವನ್ನು ನಂಬುವಂತಿಲ್ಲ. ನಮ್ಮ ಏಪ್ರಿಲ್ ಬಿಸಿಲಿನ ಮಾಳಿಗೆಯಲ್ಲಿ ಕೆಂಪಾಗುವ ಗಿಡವೇ ಕತ್ತಲ ಕೋಣೆಯಲ್ಲಿ ಬಿಳಿಚಿಕೊಂಡು ಸೊರಗಿ ಉದ್ದವಾಗುತ್ತದೆ. ಹೂ ಮಾತ್ರ ಎಲ್ಲಿಟ್ಟರೂ ಅದೇ.

ತಾವು ಮೋಸ ಹೋದೆವೆಂದು ಆ ತಾಯಿ ಬೇಸರ ಮಾಡಿಕೊಂಡರು. ಗಿಡಗಳಿಗೆ ಹೆಸರಿಟ್ಟು ವಿಂಗಡಿಸಿದ ವಿಜ್ಞಾನಿ ಲಿನ್ನೇಯಸ್ ಕೂಡ 1753ರಲ್ಲಿ ಈ ಬಳಗದ ಗಿಡಗಳನ್ನು ಲೋಳೆಸರದ ಕುಲದಲ್ಲೇ ಇಟ್ಟಿದ್ದ ಎಂದು ಹೇಳಿದೆ. 1809ರಲ್ಲಿ ಹಾವರ್ಥಿಯಾ ಎಂಬ ಬೇರೆ ಕುಲವಾಯಿತು, 2013ರಲ್ಲಿ ಅದರಿಂದ ಹಾವರ್ಥಿಯಾಪ್ಸಿಸ್ ಒಡೆಯಿತು. ಆದರೆ ಲೋಳೆಸರವೆಂದು ಇದನ್ನು ಮುರಿದು ಮುಖಕ್ಕೆ ಹಚ್ಚುವುದು, ತಿನ್ನುವುದು ಬೇಡವೇ ಬೇಡ.

ಕಳ್ಳಿಯ ವಿಷಯದಲ್ಲಿ ಗುರುತು ತಪ್ಪಿದರೆ ಇನ್ನೂ ಕಷ್ಟ. ಹೊಲದ ಬದುವಿನ ಕಳ್ಳಿಗೆ (ಯೂಫೋರ್ಬಿಯಾ) ಕಣ್ಣಿಗೆ ಅಪಾಯದ ಹಾಲಿದೆ ಎಂದು ನಮ್ಮ ಭಾಗದ ಮಕ್ಕಳಿಗೂ ಗೊತ್ತು. ಅದರ ಬಳಗದ್ದೇ ಚೆಂದದ ಕುಂಡದಲ್ಲಿ ಬಂದರೆ ಮಾತ್ರ ಕ್ಯಾಕ್ಟಸ್ ಅಂದುಕೊಂಡು ಬರಿಗೈಯಲ್ಲಿ ಸವರುತ್ತೇವೆ. ಕ್ಯಾಕ್ಟಸ್‌ನಲ್ಲಿ ಮುಳ್ಳುಗಳು ನೂಲಿನುಂಡೆಯಂಥ ಸಣ್ಣ ಮೆತ್ತೆಯಿಂದ ಗುಂಪಾಗಿ ಏಳುತ್ತವೆ. ಕಳ್ಳಿಗೆ ಆ ಮೆತ್ತೆ ಇಲ್ಲ, ಮುಳ್ಳು ಬಹಳ ಸಲ ಜೋಡಿಯಾಗಿರುತ್ತದೆ. ಅನುಮಾನವಿದ್ದರೆ ಕೈಗವಸು ಹಾಕಿ, ಮುಖ ದೂರ ಇಟ್ಟು, ಸೂಜಿಯಿಂದ ಬುಡದ ಹತ್ತಿರ ಒಮ್ಮೆ ಚುಚ್ಚಿ. ಬಿಳಿ ಹಾಲು ಜಿನುಗಿದರೆ ಕಳ್ಳಿಯೆಂದೇ ತಿಳಿದು ಮಕ್ಕಳ ಕೈಗೆ ಎಟುಕದಂತೆ ಇಡಿ. ಹಾಲು ಕಣ್ಣಿಗೆ ಸಿಡಿದರೆ ಉಜ್ಜಬೇಡಿ. ಕೂಡಲೇ ಧಾರಾಳ ನೀರಿನಿಂದ ತೊಳೆದು ಕಣ್ಣಿನ ವೈದ್ಯರಲ್ಲಿಗೆ ಹೋಗಿ.

ಆ ತಾಯಿಗೆ ಮಧ್ಯಾಹ್ನದ ಬಿಸಿಲು ತಪ್ಪಿಸಿ, ಮಣ್ಣು ಪೂರ್ತಿ ಒಣಗಿದ ಮೇಲೆ ನೀರು ಹಾಕಿರಿ ಎಂದಷ್ಟೇ ಹೇಳಿದೆ. "ಇನ್ನೊಮ್ಮೆ ಕಡ್ಡಿ ಬಂದ್ರ ಕತ್ತರಸೂದಿಲ್ರಿ, ಕುಂಡಾನ ತರ್ತೀನಿ" ಎಂದು ಎತ್ತಿಕೊಂಡು ಹೋದರು.